ಕಾಲೇಜು ಆಟ, ಕೋರ್ಟಿನ ಕಟಕಟೆ



ಅಂತರ ವಿಶ್ವವಿದ್ಯಾಲಯ ಪಂದ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಿಸಿಲಿಗೆ ಒಣಗಿದ ಮೈದಾನ, ಸುಣ್ಣದ ಗೆರೆ, ಶಾಮಿಯಾನದ ಕೆಳಗೆ ನಾಲ್ಕು ಕಬ್ಬಿಣದ ಕುರ್ಚಿ, ದೈಹಿಕ ಶಿಕ್ಷಣ ನಿರ್ದೇಶಕರ ಕೊರಳಲ್ಲಿ ಸೀಟಿ. ಪ್ರೇಕ್ಷಕರೆಂದರೆ ಹಾಸ್ಟೆಲಿನ ಹುಡುಗರು. ಗೆದ್ದವರಿಗೆ ಒಂದು ಕಪ್, ಒಂದು ಪ್ರಮಾಣಪತ್ರ. ಆ ಪ್ರಮಾಣಪತ್ರವನ್ನು ಜೋಪಾನವಾಗಿಟ್ಟುಕೊಂಡರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಸಿಕ್ಕೀತು ಎಂಬ ಆಸೆ. ಇಂಥ ಆಟದ ಬಗ್ಗೆ ಯಾರಾದರೂ ಸುಪ್ರೀಂ ಕೋರ್ಟಿಗೆ ಹೋಗುತ್ತಾರೆಂದರೆ ನಮಗೆ ನಗು ಬರುತ್ತದೆ.

ಅಮೆರಿಕದಲ್ಲಿ ಹೋಗುತ್ತಾರೆ. ಒಂದಲ್ಲ, ಹಲವು ಸಲ ಹೋಗಿದ್ದಾರೆ. ಅಲ್ಲಿ ಕಾಲೇಜು ಆಟವೆಂದರೆ ಬೇರೆಯೇ ಲೋಕ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ಆಟ ನೋಡಬಹುದು. ಆಡುವವರು ಮಾತ್ರ ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿಗಳು. ಅಷ್ಟು ಜನ ಸೇರಿದ ಮೇಲೆ ಹಣ ಸೇರುತ್ತದೆ, ಹಣ ಸೇರಿದಲ್ಲಿ ಜಗಳ. ಆ ಜಗಳ ಹೆಚ್ಚಾಗಿ ತಂಡ ತಂಡಗಳ ನಡುವೆ ನಡೆದದ್ದಲ್ಲ. ತಂಡಗಳಿಗೂ ಅವುಗಳನ್ನು ಆಳುವ ಸಂಸ್ಥೆಗೂ ನಡುವೆ ನಡೆದದ್ದು. ಆ ಸಂಸ್ಥೆಯ ಹೆಸರು ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್, ಎನ್.ಸಿ.ಎ.ಎ. ಎಂಬುದು ಅದರ ರೂಢಿಯ ಹೆಸರು.

ಅದರ ಹುಟ್ಟಿನ ಕತೆ ಹಣದ್ದಲ್ಲ, ಸಾವಿನದು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಫುಟ್‌ಬಾಲ್ ಅಲ್ಲ ಎಂಬುದು ನಿಮಗೆ ಗೊತ್ತು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವುದು, ಇದು ಅದರ ಸ್ವರೂಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಗಿನಂಥ ಶಿರಸ್ತ್ರಾಣ, ರಕ್ಷಾಕವಚಗಳು ಇರಲಿಲ್ಲ. 1905ರ ಒಂದೇ ಋತುವಿನಲ್ಲಿ ಈ ಆಟದಲ್ಲಿ ಸತ್ತ ಹುಡುಗರು ಹದಿನೆಂಟು ಎಂದು ಆಗಿನ ಪತ್ರಿಕೆ ಲೆಕ್ಕ ಕೊಟ್ಟಿತ್ತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ತಿದ್ದಿಕೊಳ್ಳಿ ಎಂದರು. ಅದೇ ಚಳವಳಿಯ ಫಲವಾಗಿ 1906ರಲ್ಲಿ 62 ಕಾಲೇಜುಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. 1910ರಲ್ಲಿ ಅದಕ್ಕೆ ಈಗಿನ ಹೆಸರು ಬಂತು.

ಅಂದರೆ ಇದು ಸರ್ಕಾರದ ಇಲಾಖೆಯಲ್ಲ, ಯಾವ ಶಾಸನದಿಂದಲೂ ಹುಟ್ಟಿದ್ದಲ್ಲ. ಕಾಲೇಜುಗಳು ತಾವಾಗಿ ಕಟ್ಟಿಕೊಂಡ ಖಾಸಗಿ ಸಂಘ. ಸದಸ್ಯರಾಗಲೇಬೇಕೆಂಬ ಕಾನೂನಿಲ್ಲ. ಹಾಗಿದ್ದೂ ಅದರ ಮಾತನ್ನು ಮೀರಲು ಯಾರಿಗೂ ಧೈರ್ಯವಿರಲಿಲ್ಲ. ಈ ಅಧಿಕಾರ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಇಂದಿನ ಇಡೀ ಮಾತಿಗೆ ಅದೇ ಬೀಗದ ಕೈ.

1951ರಲ್ಲಿ ದೂರದರ್ಶನ ಅಮೆರಿಕದ ಮನೆಮನೆಗೆ ಬರುತ್ತಿದ್ದ ಕಾಲ. ಆಟವನ್ನು ಮನೆಯಲ್ಲೇ ಕುಳಿತು ನೋಡುವಂತಾದರೆ ಮೈದಾನಕ್ಕೆ ಯಾರು ಬರುತ್ತಾರೆ, ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ಭಯ ಹುಟ್ಟಿತು. ಪ್ರಸಾರದ ಮೇಲೆ ಕಟ್ಟುಪಾಡು ಹಾಕಲು ಸಂಘ ತೀರ್ಮಾನಿಸಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1940ರಿಂದಲೇ ತನ್ನ ತವರಿನ ಪಂದ್ಯಗಳನ್ನು ಪ್ರಸಾರ ಮಾಡಿಸುತ್ತಿತ್ತು. ನಮ್ಮ ಪಂದ್ಯ, ನಮ್ಮ ಮೈದಾನ, ನೀವು ಯಾರು ಕೇಳುವುದಕ್ಕೆ ಎಂದು ಅದು ತಿರುಗಿಬಿತ್ತು. ಸಂಘ ಕೋರ್ಟಿಗೆ ಹೋಗಲಿಲ್ಲ, ದಂಡ ಹಾಕಲಿಲ್ಲ. ಪೆನ್ಸಿಲ್ವೇನಿಯಾ ಯೋಗ್ಯ ಸದಸ್ಯನಲ್ಲ ಎಂದು ಘೋಷಿಸಿತು, ಅಷ್ಟೆ. ಆ ವರ್ಷ ಅದರ ಮೈದಾನಕ್ಕೆ ಆಡಲು ಬರಬೇಕಿದ್ದ ನಾಲ್ಕು ತಂಡಗಳು, ನಾವು ಬರುವುದಿಲ್ಲ ಎಂದವು. ವಿಶ್ವವಿದ್ಯಾಲಯ ತೆಪ್ಪಗೆ ಶರಣಾಯಿತು.

ನಮ್ಮ ಹಳ್ಳಿಗಳಲ್ಲಿ ಊರಿನವರು ಒಬ್ಬನಿಗೆ ಬಹಿಷ್ಕಾರ ಹಾಕುತ್ತಿದ್ದರಲ್ಲ, ಯಾರೂ ಅವನಿಗೆ ನೀರು ಬೆಂಕಿ ಕೊಡಕೂಡದು ಎಂದು, ಇದು ಅದೇ. ಅಕ್ಕಿ ಗಿರಣಿಯವನು ಒಬ್ಬನೇ ಅಕ್ಕಿ ಮಾಡಿ ಮಾರಬಹುದು. ಆದರೆ ಎದುರಾಳಿಯಿಲ್ಲದೆ ಒಂದು ತಂಡ ಆಡುವುದೆಂತು? ಮೈದಾನ ನಿಮ್ಮದಿರಬಹುದು, ಚೆಂಡು ನಿಮ್ಮದಿರಬಹುದು, ಆಟ ಮಾತ್ರ ಇನ್ನೊಬ್ಬನ ಒಪ್ಪಿಗೆಯಿಂದಲೇ ನಡೆಯಬೇಕು. ಆ ಒಪ್ಪಿಗೆಯ ಕೀಲಿ ಸಂಘದ ಕೈಯಲ್ಲಿತ್ತು.

ಮೂವತ್ತು ವರ್ಷ ಹೀಗೇ ನಡೆಯಿತು. 1982ರಿಂದ 85ರವರೆಗಿನ ಯೋಜನೆಯ ಪ್ರಕಾರ ಎ.ಬಿ.ಸಿ. ಮತ್ತು ಸಿ.ಬಿ.ಎಸ್. ಎಂಬ ಎರಡು ಜಾಲಗಳು ನಾಲ್ಕು ವರ್ಷಕ್ಕೆ ತಲಾ 13 ಕೋಟಿ 17 ಲಕ್ಷ 50 ಸಾವಿರ ಡಾಲರ್ ಕೊಡಬೇಕಿತ್ತು. ಯಾವ ತಂಡವೂ ಎರಡು ವರ್ಷಗಳಲ್ಲಿ ಆರು ಸಲಕ್ಕಿಂತ ಹೆಚ್ಚು ಪರದೆಯ ಮೇಲೆ ಬರುವಂತಿಲ್ಲ. ಹಂಚಿಕೆಯ ವಿಚಿತ್ರ ನೋಡಿ. 1981ರ ಒಂದು ವಾರಾಂತ್ಯದಲ್ಲಿ ಓಕ್ಲಹಾಮಾ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ತಂಡಗಳ ಪಂದ್ಯವನ್ನು ಇನ್ನೂರಕ್ಕೂ ಹೆಚ್ಚು ಕೇಂದ್ರಗಳು ಬಿತ್ತರಿಸಿದವು. ಅದೇ ವಾರ ಸಿಟಾಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡಗಳ ಪಂದ್ಯ ಕೇವಲ ನಾಲ್ಕು ಕೇಂದ್ರಗಳಲ್ಲಿ ಬಂತು. ನಾಲ್ಕೂ ತಂಡಗಳಿಗೆ ಸಿಕ್ಕಿದ್ದು ಒಂದೇ ಮೊತ್ತ! ಸಮಾಜವಾದಿಗಳಿಗೆ ಸಂತೋಷವಾಗುವ ಸಂಗತಿ. ಓಕ್ಲಹಾಮಾದವರಿಗೆ ಹೊಟ್ಟೆ ಉರಿಯಿತು.

ದೊಡ್ಡ ತಂಡಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡು ಎನ್.ಬಿ.ಸಿ. ಜಾಲದೊಡನೆ ಪ್ರತ್ಯೇಕ ಕರಾರಿಗೆ ಮುಂದಾದವು. ಸಂಘ ಹಳೆಯ ಅಸ್ತ್ರವನ್ನೇ ತೆಗೆಯಿತು: ಹಾಗೆ ಮಾಡಿದವರಿಗೆ ಶಿಸ್ತುಕ್ರಮ, ಫುಟ್‌ಬಾಲಿಗೆ ಮಾತ್ರವಲ್ಲ, ಬೇರೆ ಆಟಗಳಿಗೂ. ಈ ಸಲ ಓಕ್ಲಹಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಶರಣಾಗಲಿಲ್ಲ. 1981ರಲ್ಲಿ ದಾವೆ ಹೂಡಿದವು. ಆಧಾರ 1890ರ ಶೆರ್ಮನ್ ಕಾಯಿದೆ. ತೈಲ ಕಂಪನಿಗಳು, ರೈಲ್ವೆ ದೊರೆಗಳು ಒಳಗೊಳಗೇ ಸೇರಿ ಬೆಲೆ ಕಟ್ಟುವುದನ್ನು ತಡೆಯಲು ಮಾಡಿದ ಕಾನೂನು. ಕಾಲೇಜುಗಳ ಸಂಘವನ್ನು ಅದರಡಿ ಎಳೆದದ್ದು ಅನೇಕರಿಗೆ ಅಪಚಾರದಂತೆ ಕಂಡಿತು. ವಿಚಾರಣಾ ನ್ಯಾಯಾಧೀಶ ಹುವಾನ್ ಬುರ್ಸಿಯಾಗ ಅವರಿಗೆ ಹಾಗೆ ಕಾಣಲಿಲ್ಲ. ವ್ಯಾಪಾರಿಗಳು ಕೂಡಿ ಮಾಲನ್ನು ಬಿಗಿಹಿಡಿದು ಬೆಲೆ ಏರಿಸುವುದಕ್ಕೂ ಇದಕ್ಕೂ ಭೇದವಿಲ್ಲ ಎಂದು ಅವರು ತೀರ್ಪಿತ್ತರು.

1984ರ ಜೂನ್ 27ರಂದು ಸುಪ್ರೀಂ ಕೋರ್ಟ್ ಏಳು ಎರಡರ ಬಹುಮತದಿಂದ ಇದನ್ನೇ ಎತ್ತಿಹಿಡಿಯಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಆಟದಲ್ಲಿ ಸ್ವಲ್ಪ ಒಗ್ಗಟ್ಟು ಅನಿವಾರ್ಯ ಎಂದು ಅವರು ಒಪ್ಪಿದರು. ಮೈದಾನ ಎಷ್ಟುದ್ದ, ಒಂದು ಕಡೆಗೆ ಎಷ್ಟು ಜನ ಎಂಬುದನ್ನು ಎಲ್ಲರೂ ಕೂಡಿ ನಿರ್ಧರಿಸದಿದ್ದರೆ ಆಟವೇ ಇಲ್ಲ. ಆದ್ದರಿಂದ ಕೂಡಿ ಮಾಡಿದ ನಿಯಮವೆಂಬ ಒಂದೇ ಕಾರಣಕ್ಕೆ ಅದು ಅಕ್ರಮವಾಗುವುದಿಲ್ಲ, ಪರಿಶೀಲಿಸಿ ನೋಡಬೇಕು. ಹಾಗೆ ನೋಡಿದರೆ ಈ ಪ್ರಸಾರದ ಕಟ್ಟುಪಾಡಿನಿಂದ ಆಟಕ್ಕೆ ಆಗುವ ಉಪಕಾರವೇನೂ ಇಲ್ಲ. ನೋಡುಗರಿಗೆ ಪಂದ್ಯಗಳು ಕಡಿಮೆ, ಬೆಲೆ ಹೆಚ್ಚು, ಅಷ್ಟೇ.

ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರ ಬಗ್ಗೆ ಒಂದು ಮಾತು ಹೇಳಬೇಕು. ಆ ಪೀಠದಲ್ಲಿ ಮೈಕೈಗೆ ಮಣ್ಣು ಮೆತ್ತಿಸಿಕೊಂಡು ಈ ಆಟ ಆಡಿದವರು ಅವರು. ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರ, ಆಮೇಲೆ ವೃತ್ತಿಪರ ತಂಡಗಳಲ್ಲೂ ಆಡಿದವರು. ಕಾಲೇಜು ಆಟವನ್ನು ಸೋಪು ಸೀಗೆಕಾಯಿಯ ವ್ಯಾಪಾರದಂತೆ ಅಳೆಯಬೇಡಿ, ಅದರ ಹಿಂದೆ ಶಿಕ್ಷಣದ ಉದ್ದೇಶವಿದೆ ಎಂಬುದು ಅವರ ವಾದದ ತಾತ್ಪರ್ಯ. ಅವರ ಭಯ ಪೂರಾ ಸುಳ್ಳಾಗಲಿಲ್ಲ ಎಂದು ನನಗನ್ನಿಸುತ್ತದೆ.

ಈ ತೀರ್ಪಿನ ಬಾಲದಲ್ಲಿ ಇನ್ನೊಂದು ಮಾತಿತ್ತು. ಹವ್ಯಾಸಿ ಕ್ರೀಡೆಯ ಪರಂಪರೆಯನ್ನು ಕಾಪಾಡುವುದರಲ್ಲಿ ಸಂಘದ ಪಾತ್ರ ದೊಡ್ಡದು, ಆಟಗಾರರಿಗೆ ಹಣ ಕೊಡಬಾರದು ಎಂಬುದು ಆ ಆಟದ ಗುಣಕ್ಕೆ ಅಗತ್ಯ ಎಂಬ ಅರ್ಥದ ಕೆಲವು ಸಾಲುಗಳು. ಆ ಮೊಕದ್ದಮೆ ಆಟಗಾರರ ಸಂಭಾವನೆಯದ್ದಾಗಿರಲೇ ಇಲ್ಲ. ಪ್ರಾಸಂಗಿಕವಾಗಿ ಬಂದ ಮಾತು. ಕಾನೂನು ಓದುವ ತರುಣ ತರುಣಿಯರು ಇಲ್ಲಿದ್ದೀರಿ, ತೀರ್ಪಿನಲ್ಲಿ ನಿರ್ಣಯಕ್ಕೆ ಬೇಕಾದ ಮಾತು ಬೇರೆ, ಹಾಗೇ ಹಾದುಹೋಗುವ ಮಾತು ಬೇರೆ ಎಂದು ನಿಮಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿರುತ್ತಾರೆ. ಆ ಹಾದುಹೋದ ಮಾತನ್ನೇ ಸಂಘದ ವಕೀಲರು ಮೂವತ್ತೇಳು ವರ್ಷ ಗುರಾಣಿಯಾಗಿ ಹಿಡಿದರು. ತಂಡಗಳಿಗೆ ಹಣದ ಬಾಗಿಲು ತೆರೆದ ತೀರ್ಪೇ ಆಟಗಾರರಿಗೆ ಅದನ್ನು ಮುಚ್ಚುವ ಅಗಳಿಯೂ ಆಯಿತು.

ಇನ್ನು ಎರಡನೆಯ ಮೊಕದ್ದಮೆ. ಇದರ ನಾಯಕ ಜೆರ್ರಿ ಟಾರ್ಕೇನಿಯನ್, ಲಾಸ್ ವೇಗಾಸಿನಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್. ಪಂದ್ಯ ನಡೆಯುವಾಗ ಒದ್ದೆ ಟವೆಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದ ಆಸಾಮಿ. 1973ರಲ್ಲಿ ಅಲ್ಲಿಗೆ ಬಂದು ಏನೂ ಅಲ್ಲದ ತಂಡವನ್ನು ದೇಶದ ಮುಂಚೂಣಿಗೆ ತಂದ. 1977ರಲ್ಲಿ ಸಂಘ ತನಿಖೆ ನಡೆಸಿ, ವಿಶ್ವವಿದ್ಯಾಲಯದವರು 38 ಸಲ ನಿಯಮ ಮೀರಿದ್ದಾರೆ, ಅದರಲ್ಲಿ ಹತ್ತು ಟಾರ್ಕೇನಿಯನ್ ಮೇಲಿನವು ಎಂದಿತು. ತಂಡಕ್ಕೆ ಎರಡು ವರ್ಷ ಶಿಕ್ಷೆ. ಆ ಎರಡು ವರ್ಷ ಕೋಚನ್ನು ಆಟದಿಂದ ದೂರವಿಡಿ, ಇಲ್ಲವಾದರೆ ಇನ್ನೂ ಹೆಚ್ಚಿನ ಶಿಕ್ಷೆ ಏಕಾಗಬಾರದು ಎಂದು ಕಾರಣ ಹೇಳಿ ಎಂಬ ಆದೇಶ.

ವಿಶ್ವವಿದ್ಯಾಲಯ ತನ್ನದೇ ವಿಚಾರಣೆ ನಡೆಸಿತ್ತು. ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ನೆರವಿನಿಂದ, ಆರೋಪಗಳಿಗೆ ವಿರುದ್ಧವಾದ ಸಾಕ್ಷ್ಯ ಒದಗಿಸಿತ್ತು. ಒಳಗಿನ ವಿಚಾರಣಾಧಿಕಾರಿಗೂ ಸಂಘದ ಪುರಾವೆಗಳ ಬಗ್ಗೆ ಅನುಮಾನವಿತ್ತು. ಆದರೂ ಅವರು ಕೊಟ್ಟ ಸಲಹೆ, ನಮಗೆ ಬೇರೆ ದಾರಿಯಿಲ್ಲ ಎಂಬುದೇ. ಅತ್ತ ದರಿ, ಇತ್ತ ಪುಲಿ. ಕುಲಪತಿಗಳು ಕೋಚನ್ನು ಅಮಾನತು ಮಾಡಿದರು. ಆತ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ, ಮತ್ತೆ ತಂಡದ ಜೊತೆ ಕುಳಿತ. ಮೊಕದ್ದಮೆ ಹನ್ನೊಂದು ವರ್ಷ ನಡೆಯಿತು.

ಪ್ರಶ್ನೆ ಸರಳ. ಸರ್ಕಾರ ಒಬ್ಬ ನೌಕರನನ್ನು ತೆಗೆಯಬೇಕಾದರೆ ಅವನ ಮಾತು ಕೇಳಬೇಕು, ಸಾಕ್ಷಿಗಳನ್ನು ಅವನು ಪ್ರಶ್ನಿಸಲು ಬಿಡಬೇಕು. ಇದು ಸಹಜ ನ್ಯಾಯ. ಅಮೆರಿಕದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಅದನ್ನು ಕೊಡುತ್ತದೆ. ನೆವಾಡಾದ್ದು ಸರ್ಕಾರಿ ವಿಶ್ವವಿದ್ಯಾಲಯ. ಆದರೆ ಅದರ ಕೈಯಿಂದ ಕೆಲಸ ಮಾಡಿಸಿದ್ದು ಖಾಸಗಿ ಸಂಘ. ಹಾಗಾದರೆ ಆ ಸಂಘವೂ ಸರ್ಕಾರದ ಸಾಲಿಗೇ ಸೇರುತ್ತದೆಯೇ? 1988ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಐದು ನಾಲ್ಕರಿಂದ, ಇಲ್ಲ ಎಂದಿತು. ಬರೆದವರು ಅದೇ ಸ್ಟೀವನ್ಸ್. ಸಂಘದಲ್ಲಿ ಹತ್ತಿರ ಹತ್ತಿರ ಸಾವಿರ ಸದಸ್ಯರು, ದೇಶದ ಎಲ್ಲ ಕಡೆಯವರು. ಅದರ ನಿಯಮಗಳು ನೆವಾಡಾ ರಾಜ್ಯದವಲ್ಲ. ತನಿಖೆಯುದ್ದಕ್ಕೂ ವಿಶ್ವವಿದ್ಯಾಲಯ ಮತ್ತು ಸಂಘ ಎದುರುಬದುರು ನಿಂತಿದ್ದವು, ಜೊತೆಗೂಡಿರಲಿಲ್ಲ. ಬೇಡವೆಂದರೆ ವಿಶ್ವವಿದ್ಯಾಲಯ ಸದಸ್ಯತ್ವ ಬಿಡಬಹುದಿತ್ತು.

ಬಿಡಬಹುದಿತ್ತೇ? 1951ರ ಪೆನ್ಸಿಲ್ವೇನಿಯಾವನ್ನು ನೆನಪಿಸಿಕೊಳ್ಳಿ. ಬಿಟ್ಟು ಯಾರ ಜೊತೆ ಆಡುವುದು? ಕಾಗದದ ಮೇಲಿನ ಸ್ವಾತಂತ್ರ್ಯ ಅದು. ಈ ಸಲವೂ ಭಿನ್ನಮತ ಬರೆದವರು ಬೈರನ್ ವೈಟ್. ನಾಲ್ಕು ವರ್ಷದ ಹಿಂದೆ ಸಂಘದ ಪರ ನಿಂತಿದ್ದ ಆಟಗಾರ ನ್ಯಾಯಮೂರ್ತಿ ಈಗ ಅದರ ವಿರುದ್ಧ ನಿಂತರು: ಸಂಘದ ನಿಯಮ ಒಪ್ಪಿ, ಅದರ ವಿಚಾರಣೆಗೆ ತಲೆಬಾಗಿ, ಅದರ ಆದೇಶದಂತೆ ಸರ್ಕಾರಿ ವಿಶ್ವವಿದ್ಯಾಲಯ ನಡೆದಮೇಲೆ ಇಬ್ಬರೂ ಕೂಡಿಯೇ ಮಾಡಿದಂತಾಯಿತಲ್ಲ ಎಂದರು. ಇವರದೇ ಸರಿ ಎಂಬ ಪಕ್ಷದವನು ನಾನು.

ಕತೆ ಅಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಟಾರ್ಕೇನಿಯನ್‌ನ ತಂಡ ಡ್ಯೂಕ್ ವಿಶ್ವವಿದ್ಯಾಲಯವನ್ನು 103–73ರಿಂದ ಬಗ್ಗುಬಡಿದು ರಾಷ್ಟ್ರೀಯ ಚಾಂಪಿಯನ್ ಆಯಿತು. 1991ರಲ್ಲಿ ನೆವಾಡಾ ಶಾಸನಸಭೆ, ಸಂಘ ನಮ್ಮ ರಾಜ್ಯದಲ್ಲಿ ವಿಚಾರಣೆ ನಡೆಸುವುದಾದರೆ ಸಹಜ ನ್ಯಾಯ ಪಾಲಿಸಬೇಕು ಎಂದು ಕಾಯಿದೆಯನ್ನೇ ಮಾಡಿತು. ಅಂತರರಾಜ್ಯ ವಾಣಿಜ್ಯಕ್ಕೆ ಅಡ್ಡಿ ಎಂಬ ಕಾರಣಕ್ಕೆ 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ನಿಯಮ ಮಾಡುವಾಗ ಖಾಸಗಿ, ರಾಜ್ಯ ಹಿಡಿಯಲು ಬಂದಾಗ ರಾಷ್ಟ್ರೀಯ! ಕೊನೆಗೆ ಆತ ಹೂಡಿದ ಇನ್ನೊಂದು ದಾವೆಯಲ್ಲಿ 1998ರಲ್ಲಿ ಸಂಘ 25 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2013ರಲ್ಲಿ ಬ್ಯಾಸ್ಕೆಟ್‌ಬಾಲಿನ ಗೌರವ ಪಟ್ಟಿಗೆ ಆತನ ಹೆಸರು ಸೇರಿತು; 2015ರಲ್ಲಿ ತೀರಿಕೊಂಡ.

ಇದೆಲ್ಲ ಸಪ್ತಸಾಗರದಾಚೆಯ ಮಾತು ಎಂದುಕೊಳ್ಳಬೇಡಿ. ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕ್ರಿಕೆಟ್ ಪ್ರಸಾರದ ಹಕ್ಕಿನ ಬಗ್ಗೆ ಜೀ ಟೆಲಿಫಿಲ್ಮ್ಸ್ ಸಂಸ್ಥೆ ಕ್ರಿಕೆಟ್ ನಿಯಂತ್ರಣ ಮಂಡಳಿಯ ವಿರುದ್ಧ ನೇರವಾಗಿ ರಿಟ್ ಅರ್ಜಿ ಹಾಕಿದಾಗ, ಮಂಡಳಿಯು ಸಂವಿಧಾನದ 12ನೆಯ ವಿಧಿಯಲ್ಲಿ ಹೇಳಿದ ಪ್ರಭುತ್ವವೇ ಅಲ್ಲವೇ ಎಂಬುದು ಚರ್ಚೆಯಾಯಿತು. 2005ರ ಫೆಬ್ರುವರಿ 2ರಂದು ಐವರ ಸಂವಿಧಾನ ಪೀಠ ಮೂರು ಎರಡರಿಂದ, ಅಲ್ಲ ಎಂದಿತು. ಬಹುಮತದ ತೀರ್ಪು ಬರೆದವರು ಮುಂದೆ ನಮ್ಮ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು. ಆದರೆ ನಮ್ಮ ನ್ಯಾಯಾಲಯ ಒಂದು ಕಿಟಕಿ ತೆರೆದಿಟ್ಟಿತು. ಮಂಡಳಿ ಪ್ರಭುತ್ವವಲ್ಲದಿದ್ದರೂ ಸಾರ್ವಜನಿಕ ಕರ್ತವ್ಯ ನಿರ್ವಹಿಸುವಾಗ ಅನ್ಯಾಯ ಮಾಡಿದರೆ 226ನೆಯ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು ಎಂದಿತು. 2015ರಲ್ಲಿ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. ಟಾರ್ಕೇನಿಯನ್‌ಗೆ ಅಂಥ ಕಿಟಕಿ ಇರಲಿಲ್ಲ.

ಸಂಘದ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ, ಪತ್ರಿಕೆಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಸಂಘ ಅನರ್ಹನೆಂದ ಆಟಗಾರ ಕೋರ್ಟಿನಿಂದ ತಡೆಯಾಜ್ಞೆ ತಂದು ಆಡಿದ ಎಂದಿಟ್ಟುಕೊಳ್ಳಿ. ಮುಂದೆ ಆ ಆಜ್ಞೆ ರದ್ದಾದರೆ, ಅಷ್ಟರಲ್ಲಿ ತಂಡ ಗೆದ್ದ ಪಂದ್ಯಗಳನ್ನೆಲ್ಲ ಅಳಿಸಿಹಾಕುವ, ಕಪ್ ಹಿಂದಕ್ಕೆ ಪಡೆಯುವ, ಹಣ ವಸೂಲು ಮಾಡುವ ನಿಯಮವೊಂದಿದೆ. ಕೋರ್ಟಿನ ಆಜ್ಞೆ ಪಾಲಿಸಿದ್ದಕ್ಕೇ ಶಿಕ್ಷೆ! ಹುಡುಗನ ಪರವಾಗಿ ನ್ಯಾಯಾಧೀಶರು ಆಜ್ಞೆ ಕೊಟ್ಟರೂ ಕಾಲೇಜು ಅವನನ್ನು ಬೆಂಚಿನ ಮೇಲೇ ಕೂರಿಸಲು ಇದಕ್ಕಿಂತ ಬೇರೆ ಕಾರಣ ಬೇಡ. ದೇವರು ವರ ಕೊಟ್ಟರೂ ಪೂಜಾರಿ ಬಿಡ. ಇತ್ತೀಚಿನ ಕೆಲವು ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಈ ನಿಯಮಕ್ಕೂ ತಡೆ ಹಾಕಿದ್ದಾರೆ.

ಇಷ್ಟು ಹೊತ್ತು ಕಾಲೇಜು, ಸಂಘ, ಕೋಚ್ ಎಂದೆವು. ಆಡುವ ಹುಡುಗರ ವಿಚಾರ? ಅವರಿಗೆ ವಿದ್ಯಾರ್ಥಿವೇತನ ಬಿಟ್ಟರೆ ಬೇರೇನೂ ಸಲ್ಲುತ್ತಿರಲಿಲ್ಲ. 1951ರಿಂದ 1987ರವರೆಗೆ ಸಂಘವನ್ನು ನಡೆಸಿದ ವಾಲ್ಟರ್ ಬೈಯರ್ಸ್ 1995ರಲ್ಲಿ ಒಂದು ಆತ್ಮಕಥನ ಬರೆದರು. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದ ಹುಟ್ಟಿದ್ದು ಹೇಗೆ ಎಂದು ಅದರಲ್ಲಿ ಅವರೇ ಹೇಳಿದ್ದಾರೆ. ಆಟದಲ್ಲಿ ಗಾಯಗೊಂಡವರನ್ನು ಕಾರ್ಮಿಕರೆಂದು ಕರೆದು ಪರಿಹಾರ ಕೊಡಬೇಕಾಗಿ ಬಂದೀತೆಂಬ ಭಯದಿಂದ ಆ ಪದವನ್ನು ಕಟ್ಟಿ ಎಲ್ಲ ನಿಯಮಗಳಲ್ಲೂ ಸೇರಿಸಿದರಂತೆ. ಭಯಕ್ಕೆ ಕಾರಣವಿತ್ತು. ಕೊಲರಾಡೊದಲ್ಲಿ ಪಂದ್ಯದಲ್ಲೇ ಪೆಟ್ಟು ಬಿದ್ದು ಸತ್ತ ಒಬ್ಬ ಆಟಗಾರನ ಹೆಂಡತಿ ಪರಿಹಾರ ಕೇಳಿದ್ದಳು. ಆತ ನೌಕರನಲ್ಲ, ಆಟ ಕಾಲೇಜಿನ ಕಸುಬಲ್ಲ ಎಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಒಂದು ಪದ ಒಬ್ಬ ವಿಧವೆಯ ಅನ್ನ ಕಿತ್ತುಕೊಳ್ಳಬಲ್ಲದು. ಭಾಷೆಯ ಬಗ್ಗೆ ಕಾಳಜಿ ಇರುವವರು ಇದನ್ನು ಗಮನಿಸಬೇಕು.

ಎಡ್ ಒಬಾನನ್ ಎಂಬ ಆಟಗಾರ 1995ರಲ್ಲಿ ಲಾಸ್ ಏಂಜಲಿಸಿನ ತಂಡವನ್ನು ಚಾಂಪಿಯನ್ ಮಾಡಿದವನು. ವರ್ಷಗಳ ನಂತರ ಒಂದು ವಿಡಿಯೊ ಆಟದಲ್ಲಿ ತನ್ನದೇ ರೂಪ, ತನ್ನದೇ ಅಂಗಿ ಸಂಖ್ಯೆ ಕಂಡ. ಮಾರಿದವರಿಗೆ ಹಣ, ಆತನಿಗೆ ಚಿಕ್ಕಾಸೂ ಇಲ್ಲ. 2009ರಲ್ಲಿ ಆತ ಹೂಡಿದ ದಾವೆ ಕೋಟೆಯ ಮೊದಲ ಕಲ್ಲು ಕದಲಿಸಿತು. 2021ರ ಜೂನ್ 21ರಂದು, ಶಾನ್ ಆಲ್ಸ್‌ಟನ್ ಎಂಬ ಫುಟ್‌ಬಾಲ್ ಆಟಗಾರ ಮತ್ತಿತರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಸಂಘದ ವಿರುದ್ಧ ನಿಂತರು. ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಮಿತಿ ಹಾಕುವಂತಿಲ್ಲ ಎಂದರು. 1984ರ ಆ ಹಾದುಹೋದ ಮಾತು ಬರೀ ಹಾದುಹೋದ ಮಾತು ಎಂದು ಕಡೆಗೂ ಹೇಳಿದರು. ಹತ್ತೇ ದಿನದಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಮುಖ, ಚಿತ್ರಗಳಿಂದ ಸಂಪಾದಿಸಬಹುದು ಎಂದು ಸಂಘವೇ ಒಪ್ಪಿತು.

ಇತ್ತ 1984ರಲ್ಲಿ ಗೆದ್ದ ತಂಡಗಳ ಪಾಡೇನಾಯಿತು? ಒಂದು ಯಜಮಾನನ ಜಾಗದಲ್ಲಿ ಹಲವು ಯಜಮಾನರು ಬಂದರು. ಪ್ರಸಾರದ ಹಣವನ್ನು ಕಾನ್ಫರೆನ್ಸ್ ಎಂಬ ವಲಯ ಒಕ್ಕೂಟಗಳು ಹಿಡಿದವು. ಹಣ ಹೆಚ್ಚಿರುವ ಒಕ್ಕೂಟಕ್ಕೆ ತಂಡಗಳ ಗುಳೆ ಆರಂಭವಾಯಿತು. 2024ರಲ್ಲಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗಳು ಅಟ್ಲಾಂಟಿಕ್ ತೀರದ ಒಕ್ಕೂಟ ಸೇರಿದವು. ಭೂಗೋಳದ ಮೇಷ್ಟ್ರುಗಳು ಏನೆಂದರೋ ತಿಳಿಯದು. ಪೆಸಿಫಿಕ್ ಒಕ್ಕೂಟದಲ್ಲಿದ್ದ ಹನ್ನೆರಡರಲ್ಲಿ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಹೊರಟುನಿಂತವರು ಗಂಟನ್ನೂ ಹಂಚಿಕೊಂಡಾರೆಂದು ಇವೆರಡೂ 2023ರಲ್ಲಿ ಕೋರ್ಟಿಗೆ ಹೋಗಿ ಆಡಳಿತ ಮಂಡಳಿಯ ಹಿಡಿತವನ್ನು ತಮ್ಮದಾಗಿಸಿಕೊಂಡವು. ಅದೇ ಡಿಸೆಂಬರಿನಲ್ಲಿ ಫ್ಲಾರಿಡಾ ಸ್ಟೇಟ್ ತನ್ನ ಅಟ್ಲಾಂಟಿಕ್ ಒಕ್ಕೂಟದ ಮೇಲೆ ದಾವೆ ಹಾಕಲು ಹೊರಟಿತು. ಒಕ್ಕೂಟ ಒಂದು ದಿನ ಮೊದಲೇ ಓಡಿ ಬೇರೆ ರಾಜ್ಯದಲ್ಲಿ ಅದರ ಮೇಲೆ ದಾವೆ ಹಾಕಿತ್ತು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಹೆಚ್ಚು ಜನ ನೋಡುವ ತಂಡಕ್ಕೆ ಹೆಚ್ಚು ಪಾಲು. ಅಪಲಾಚಿಯನ್ ಸ್ಟೇಟಿಗೂ ಓಕ್ಲಹಾಮಾಕ್ಕೂ ಒಂದೇ ಚೆಕ್ಕು ಬರೆಯುತ್ತಿದ್ದ ಕಾಲ ಎಲ್ಲಿ ಹೋಯಿತು ನೋಡಿ.

ಎಲ್ಲಕ್ಕಿಂತ ದೊಡ್ಡ ರಾಜಿ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟದ್ದು. ಹಿಂದೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್. ಇನ್ನು ಮುಂದೆ ಒಂದೊಂದು ಕಾಲೇಜೂ ತನ್ನ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಸಂಘ ನೂರು ವರ್ಷ ಬೇಡವೆಂದದ್ದನ್ನು ಸಂಘದ ಸಹಿಯೊಡನೆಯೇ ಮಾಡಿಸಿದಂತಾಯಿತು. ಹಳೆಯ ಬಾಕಿಯ ಬಹುಪಾಲು ಗಂಡಸರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತದೆ. ಈಜುವವರು, ಓಡುವವರು, ವಾಲಿಬಾಲ್ ಆಡುವ ಹೆಣ್ಣುಮಕ್ಕಳು ಲೆಕ್ಕ ಹಾಕಿ ನೋಡಿದರು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆನ್ನುವ 1972ರ ಕಾಯಿದೆಯನ್ನು ಕೈಯಲ್ಲಿ ಹಿಡಿದು, ಒಪ್ಪಿಗೆ ಸಿಕ್ಕ ಅದೇ ತಿಂಗಳು ಅವರಲ್ಲಿ ಕೆಲವರು ಮೇಲ್ಮನವಿ ಸಲ್ಲಿಸಿದರು.